ಚಿಕ್ಕಪ್ಪನ 61 ಕ್ಯಾಸೆಟ್ಟುಗಳು: ಗ್ರೇಟ್‌ಫುಲ್ ಡೆಡ್ ಕೇಳುವುದನ್ನು ಎಲ್ಲಿಂದ ಶುರುಮಾಡಲಿ?

ಮೈಸೂರಿನಿಂದ, ಪ್ರಶ್ನೆ

ನಮ್ಮ ಚಿಕ್ಕಪ್ಪ 1974ರಲ್ಲಿ ಓದಲೆಂದು ಅಮೆರಿಕಕ್ಕೆ ಹೋಗಿ, ಹದಿನೈದು ವರ್ಷ ಅಲ್ಲಿದ್ದು ಮೈಸೂರಿಗೆ ಮರಳಿದವರು. ಕಳೆದ ವರ್ಷ ತೀರಿಕೊಂಡರು. ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಒಂದು ಟ್ರಂಕು ಸಿಕ್ಕಿತು. ಒಳಗೆ 61 ಕ್ಯಾಸೆಟ್ಟುಗಳು, ಎಲ್ಲವೂ ಗ್ರೇಟ್‌ಫುಲ್ ಡೆಡ್ ಎಂಬ ಒಂದೇ ಅಮೆರಿಕನ್ ರಾಕ್ ತಂಡದವು. ಅಂಗಡಿಯಲ್ಲಿ ಕೊಂಡದ್ದು ಒಂದೂ ಇಲ್ಲ. ಚಿಕ್ಕಪ್ಪನ ಕೈಬರಹದಲ್ಲಿ ತಾರೀಕು, ಊರು, ಹಾಡುಗಳ ಪಟ್ಟಿ. ಕೆಲವು ಹಾಡುಗಳ ನಡುವೆ ಬಾಣದ ಗುರುತು. ಮೂಲೆಯಲ್ಲಿ ‘ಎಸ್‌ಬಿಡಿ’ ಅಥವಾ ‘ಎಯುಡಿ’ ಎಂಬ ಅಕ್ಷರಗಳು.

ನಾನು ಹಿಂದೂಸ್ತಾನಿ ಕೇಳಿಕೊಂಡು ಬೆಳೆದವನು. ರಾಕ್ ಸಂಗೀತ ಎಂದರೆ ದೂರದ ನೆಂಟ. ಒಂದು ಕ್ಯಾಸೆಟ್ಟು ಹಾಕಿ ನೋಡಿದೆ. ಮೊದಲು ಸುಯ್ ಎಂಬ ಸದ್ದು, ಆಮೇಲೆ ಯಾರೋ ಇಬ್ಬರ ಹರಟೆ, ನಾಲ್ಕು ನಿಮಿಷ ಬರೀ ಶ್ರುತಿ ಹೊಂದಿಸುವುದು, ಬಳಿಕ ಇಪ್ಪತ್ತು ನಿಮಿಷದ ಒಂದು ಹಾಡು. ತಲೆಬುಡ ತಿಳಿಯಲಿಲ್ಲ. ‘5/8/77’ ಎಂದಿರುವುದಕ್ಕೆ ಕೆಂಪು ಶಾಯಿಯಲ್ಲಿ ಮೂರು ನಕ್ಷತ್ರ ಹಾಕಿದ್ದಾರೆ. 1977ರ ಆಗಸ್ಟ್ 5ರಂದು ಏನು ನಡೆಯಿತೆಂದು ಹುಡುಕಿದರೆ ಏನೂ ಸಿಗುತ್ತಿಲ್ಲ. ಮನೆಯವರು ಗುಜರಿಗೆ ಹಾಕು ಎನ್ನುತ್ತಿದ್ದಾರೆ. ಕೇಳಿ ಅನುಭವ ಇದ್ದವರು ದಾರಿ ತೋರಿಸುತ್ತೀರಾ?

ಬೆಂಗಳೂರಿನಿಂದ

ಗುಜರಿಗೆ ಹಾಕಬೇಡಿ ಸ್ವಾಮಿ! ಮೊದಲು ತಾರೀಕಿನ ವಿಷಯ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ನಿಮ್ಮ ಚಿಕ್ಕಪ್ಪನೂ ಅಲ್ಲಿನ ರೂಢಿಯಲ್ಲೇ ಬರೆದಿದ್ದಾರೆ. ಅದು ಮೇ 8. ಆಗಸ್ಟ್‌ನಲ್ಲಿ ನಿಮಗೆ ಏನೂ ಸಿಗದಿರುವುದಕ್ಕೆ ಕಾರಣವೂ ಇದೆ. ಆ ಜೂನ್‌ನಲ್ಲಿ ಅವರ ಇಬ್ಬರು ಡ್ರಮ್ ವಾದಕರಲ್ಲಿ ಒಬ್ಬರಾದ ಮಿಕ್ಕಿ ಹಾರ್ಟ್ ಕಾರು ಅಪಘಾತದಲ್ಲಿ ಮೂಳೆ ಮುರಿದುಕೊಂಡರು. ಬೇಸಿಗೆಯ ಕಾರ್ಯಕ್ರಮಗಳು ರದ್ದಾಗಿ, ತಂಡ ಮತ್ತೆ ವೇದಿಕೆ ಹತ್ತಿದ್ದು ಸೆಪ್ಟೆಂಬರ್ 3ಕ್ಕೆ.

‘ಎಸ್‌ಬಿಡಿ’ ಎಂದರೆ ಸೌಂಡ್‌ಬೋರ್ಡ್, ಅಂದರೆ ವೇದಿಕೆಯ ಮೈಕುಗಳ ಸದ್ದನ್ನೆಲ್ಲ ಕೂಡಿಸುವ ಮಿಕ್ಸರಿನಿಂದಲೇ ನೇರವಾಗಿ ತೆಗೆದ ಮುದ್ರಣ. ‘ಎಯುಡಿ’ ಎಂದರೆ ಸಭಿಕರ ನಡುವೆ ಮೈಕು ಹಿಡಿದು ಮಾಡಿದ್ದು. ನಿಮಗೆ ಹರಟೆ ಕೇಳಿಸಿದ್ದು ಈ ಎರಡನೆಯ ಜಾತಿಯದು. ಬಾಣದ ಗುರುತು ಇದ್ದಲ್ಲಿ ಒಂದು ಹಾಡು ನಿಲ್ಲದೆ ಮುಂದಿನದಕ್ಕೆ ಹರಿದಿದೆ ಎಂದರ್ಥ. ಈ ತಂಡದ ಅಭಿಮಾನಿಗಳು ಹಾಡಿಗಿಂತ ಹೆಚ್ಚಾಗಿ ಆ ಬಾಣಗಳಿಗಾಗಿ ಕಿವಿ ಕೊಡುತ್ತಾರೆ. ಒಂದು ಹಾಡಿನ ಲಯ ಕರಗಿ ಇನ್ನೊಂದು ಮೂಡುವ ಆ ಎರಡು ಮೂರು ನಿಮಿಷಗಳನ್ನು ಯಾರೂ ಮೊದಲೇ ಬರೆದಿಟ್ಟಿರುವುದಿಲ್ಲ.

ಮೂರು ನಕ್ಷತ್ರದ ಆ ರಾತ್ರಿ ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನ ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನದು. ಮೇ ತಿಂಗಳಾದರೂ ಹೊರಗೆ ಹಿಮ ಬಿದ್ದಿತ್ತು. ಧ್ವನಿಮುದ್ರಿಸಿದವರು ತಂಡದ ಜೊತೆಗೇ ಓಡಾಡುತ್ತಿದ್ದ ಬೆಟ್ಟಿ ಕ್ಯಾಂಟರ್-ಜ್ಯಾಕ್ಸನ್. ಮುಂದೆ ಅವರು ಕಷ್ಟಕ್ಕೆ ಸಿಕ್ಕಿ, ಉಗ್ರಾಣದ ಬಾಡಿಗೆ ಬಾಕಿಯಾಗಿ, 1986ರಲ್ಲಿ ಅವರ ಟೇಪುಗಳೆಲ್ಲ ಹರಾಜಾದವು. ಕೊಂಡವರ ಕೈಯಿಂದ ಅವು ಅಭಿಮಾನಿಗಳ ಕೈಗೆ ಹರಿದುಬಂದವು. ಇಲ್ಲದಿದ್ದರೆ ನಿಮ್ಮ ಟ್ರಂಕಿನಲ್ಲಿ ಅಷ್ಟು ಸ್ವಚ್ಛವಾದ ಪ್ರತಿ ಇರುವ ಸಂಭವ ಕಡಿಮೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಮುದ್ರಣವನ್ನು ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿದೆ. ಅಧಿಕೃತ ಬಿಡುಗಡೆ ಆದದ್ದು ಮಾತ್ರ 40 ವರ್ಷದ ಬಳಿಕ, 2017ರಲ್ಲಿ. ಅಲ್ಲಿಂದಲೇ ಶುರುಮಾಡಿ.

ಕ್ಯಾಲಿಫೋರ್ನಿಯಾದಿಂದ

ಅಲ್ಲಿಂದ ಶುರುಮಾಡಿದರೂ ಸರಿ, ಆದರೆ ಹರಟೆಯ ಕ್ಯಾಸೆಟ್ಟನ್ನು ಅಷ್ಟು ಬೇಗ ಬದಿಗಿಡಬೇಡಿ. ನಾನು ವಿದ್ಯಾರ್ಥಿಯಾಗಿದ್ದಾಗ, 1989ರ ಜುಲೈನಲ್ಲಿ, ವಿಸ್ಕಾನ್ಸಿನ್‌ನ ಆಲ್ಪೈನ್ ವ್ಯಾಲಿಯಲ್ಲಿ ಇವರನ್ನು ಕೇಳಿದೆ. ಗೆಳೆಯನೊಬ್ಬ ಎಳೆದುಕೊಂಡು ಹೋಗಿದ್ದ. ಮಿಕ್ಸರ್ ಇರುವ ಜಾಗದ ಹಿಂದೆ ಅಡಿಕೆ ತೋಟದ ಹಾಗೆ ಉದ್ದುದ್ದ ಕಂಬಗಳು, ಪ್ರತಿಯೊಂದರ ತುದಿಯಲ್ಲಿ ಎರಡು ಮೈಕು. ಕೆಳಗೆ ಟೇಪ್ ರೆಕಾರ್ಡರ್ ಮುಂದೆ ಕುಳಿತವರು ಕಣ್ಣು ಮುಚ್ಚಿಕೊಂಡಿದ್ದರು. ನಾನು ಗೆಳೆಯನಿಗೆ ಏನೋ ಕೇಳಿದೆ, ನಾಲ್ಕು ಜನ ತಿರುಗಿ ಬಾಯಿ ಮೇಲೆ ಬೆರಳಿಟ್ಟರು. ನನ್ನ ಕನ್ನಡದ ಒಂದು ವಾಕ್ಯ ಇಂದಿಗೂ ಯಾರದೋ ಟೇಪಿನಲ್ಲಿ ಇದ್ದೀತು.

ಇದೆಲ್ಲ ಕದ್ದು ಮಾಡುತ್ತಿದ್ದದ್ದಲ್ಲ. ಬೇರೆ ತಂಡಗಳು ಬಾಗಿಲಲ್ಲೇ ಚೀಲ ಶೋಧಿಸಿ ರೆಕಾರ್ಡರ್ ಕಿತ್ತುಕೊಳ್ಳುತ್ತಿದ್ದ ಕಾಲದಲ್ಲಿ ಇವರು 1984ರ ಅಕ್ಟೋಬರ್‌ನಿಂದ ಧ್ವನಿಮುದ್ರಿಸುವವರಿಗೆಂದೇ ಪ್ರತ್ಯೇಕ ಜಾಗ ಕೊಟ್ಟರು, ಅದಕ್ಕೆ ಬೇರೆ ಟಿಕೆಟ್. ಅಭಿಮಾನಿಗಳ ನಡುವಿನ ಕಟ್ಟಳೆ ಒಂದೇ ಆಗಿತ್ತು: ಹಂಚಬಹುದು, ಮಾರಬಾರದು. ಗುರುತಿಲ್ಲದವರಿಗೆ ಖಾಲಿ ಕ್ಯಾಸೆಟ್ಟು, ವಾಪಸು ಬರಲು ಅಂಚೆಚೀಟಿ ಇಟ್ಟು ಕಳಿಸಿದರೆ ಮೂರು ವಾರಕ್ಕೆ ತುಂಬಿಕೊಂಡು ಬರುತ್ತಿತ್ತು. ಜೊತೆಗೊಂದು ಚೀಟಿ. ನನಗೆ ಒಬ್ಬರು ಆಲೂಗಡ್ಡೆ ಸಾರಿನ ಪಾಕವನ್ನೂ ಬರೆದು ಕಳಿಸಿದ್ದರು. ನಿಮ್ಮ ಚಿಕ್ಕಪ್ಪನ ಟ್ರಂಕಿನಲ್ಲಿ ಕಾಗದಗಳಿವೆಯೇ ನೋಡಿ.

ಸಭಿಕರ ಟೇಪಿನಲ್ಲಿ ನಿಮಗೆ ಆ ಹಾಲ್ ಕೇಳಿಸುತ್ತದೆ. ನಿಧಾನವಾದ ಒಂದು ಹಾಡಿನಲ್ಲಿ ತಂಡದ ಹಾಡುಗಾರ, ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ಗಿಟಾರನ್ನು ಪಿಸುಮಾತಿನಷ್ಟು ಸಣ್ಣಗೆ ಇಳಿಸಿದಾಗ ಹತ್ತು ಸಾವಿರ ಜನ ಒಟ್ಟಿಗೆ ಸುಮ್ಮನಾಗುವ ಸದ್ದು ಇರುತ್ತದಲ್ಲ, ಅದು ಮಿಕ್ಸರಿನ ಟೇಪಿಗೆ ಬೀಳುವುದೇ ಇಲ್ಲ.

ಧಾರವಾಡದಿಂದ

ನಮ್ಮ ಮನೆಯಲ್ಲೂ ಇಂಥದೇ ಒಂದು ಟ್ರಂಕಿತ್ತು ತಮ್ಮಾ, ಆದರೆ ಬೈಠಕ್ಕುಗಳದು. ಮನ್ಸೂರರು ಯಾರ ಮನೆಯಲ್ಲಿ ಯಾವ ರಾತ್ರಿ ಏನು ಹಾಡಿದರು ಎಂಬುದನ್ನು ನನ್ನ ತಂದೆ ಇದೇ ರೀತಿ ಬರೆದಿಡುತ್ತಿದ್ದರು. ಕೆಮ್ಮು, ಚಹದ ಬಟ್ಟಲಿನ ಸದ್ದು, ‘ವಾಹ್’ ಎಲ್ಲ ಇರುತ್ತಿತ್ತು. ಆದ್ದರಿಂದ ಮಗ ಹೈದರಾಬಾದಿನಿಂದ ಬಂದು ಡೆಡ್ ಕೇಳಿಸಿದಾಗ ಶ್ರುತಿ ಮಾಡುವುದು ನನಗೆ ಕಾಟ ಎನಿಸಲಿಲ್ಲ.

ನನಗೆ ಬಾಗಿಲು ತೆರೆದದ್ದು ‘ಡಾರ್ಕ್ ಸ್ಟಾರ್’. 1968ರಲ್ಲಿ ಅದು ಮೂರು ನಿಮಿಷಕ್ಕೂ ಕಡಿಮೆಯ ಪುಟ್ಟ ಹಾಡಾಗಿ ಬಂತು, ಯಾರೂ ಕೊಳ್ಳಲಿಲ್ಲ. 1969ರ ‘ಲೈವ್/ಡೆಡ್’ ಎಂಬ ಧ್ವನಿಮುದ್ರಿಕೆಯಲ್ಲಿ ಅದೇ ಹಾಡು 23 ನಿಮಿಷ. ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರ್ ವೆಸ್ಟ್‌ನಲ್ಲಿ ಫೆಬ್ರುವರಿ 27ರ ರಾತ್ರಿ ನುಡಿಸಿದ್ದು. ಎರಡು ಚರಣ ಬಿಟ್ಟರೆ ಉಳಿದದ್ದೆಲ್ಲ ಬೆಳೆಸುವುದೇ. ಆಲಾಪ ಇದ್ದ ಹಾಗೆ ಎಂದು ಹೇಳಿಬಿಡುವ ಆಸೆಯಾಗುತ್ತದೆ, ಆದರೆ ಹಾಗೆ ಕೇಳಿದರೆ ನಿರಾಶೆಯಾಗುತ್ತದೆ. ಆಲಾಪದಲ್ಲಿ ಒಬ್ಬರು ಮುಂದೆ, ಉಳಿದವರು ಹಿಂದೆ. ಇಲ್ಲಿ ಐದಾರು ಜನ ಒಟ್ಟಿಗೇ ಹುಡುಕಾಡುತ್ತಾರೆ, ಕೆಲವೊಮ್ಮೆ ದಾರಿ ತಪ್ಪುತ್ತಾರೆ. ಗಿಟಾರನ್ನು ಬಿಟ್ಟು ಫಿಲ್ ಲೆಶ್ ಅವರ ಬಾಸ್ (ತಗ್ಗು ಸ್ವರದ ಗಿಟಾರು) ಒಂದನ್ನೇ ಹಿಂಬಾಲಿಸಿ. ನನಗೆ ಹಾಗೆಯೇ ಅರ್ಥವಾದದ್ದು.

ಅದೇ ಧ್ವನಿಮುದ್ರಿಕೆಯಲ್ಲಿ 11 ಮಾತ್ರೆಗಳ ಒಂದು ರಚನೆ ಇದೆ, ಹೆಸರೇ ‘ದಿ ಇಲೆವೆನ್’. ಮಿಕ್ಕಿ ಹಾರ್ಟ್ ತಬಲಾ ವಾದಕ ಉಸ್ತಾದ್ ಅಲ್ಲಾ ರಖಾ ಅವರನ್ನು 1967ರಲ್ಲಿ ಕಂಡು ಅವರಿಂದ ಕಲಿತವರು. ಮುಂದೆ ಜಾಕೀರ್ ಹುಸೇನರ ಜೊತೆ ನುಡಿಸಿದರು. ಹಾರ್ಟರ 1991ರ ‘ಪ್ಲಾನೆಟ್ ಡ್ರಮ್’ ಧ್ವನಿಮುದ್ರಿಕೆಯಲ್ಲಿ ನಮ್ಮ ವಿಕ್ಕು ವಿನಾಯಕರಾಮರ ಘಟವೂ ಇದೆ. ಕೈಬೆರಳು ಎಣಿಸಲು ಶುರುಮಾಡಿದರೆ ನೀವು ಅರ್ಧ ದಾರಿ ಬಂದಂತೆ.

ಬೆಂಗಳೂರಿನಿಂದಲೇ, ಇನ್ನೊಬ್ಬರು

ಎಲ್ಲರೂ ಕಾರ್ನೆಲ್, ಕಾರ್ನೆಲ್ ಎನ್ನುವುದನ್ನು ಕೇಳಿ ನನಗೆ ಸಾಕಾಗಿದೆ. ಅಂದು ಚೆನ್ನಾಗಿ ನುಡಿಸಿದರು, ಒಪ್ಪುತ್ತೇನೆ. ಆದರೆ ಆ ಖ್ಯಾತಿಯಲ್ಲಿ ಅರ್ಧ ಪಾಲು ಟೇಪು ಚೆನ್ನಾಗಿದ್ದದ್ದಕ್ಕೆ ಸಲ್ಲಬೇಕು. ಮರುದಿನವೇ, ಮೇ 9ರಂದು, ಬಫಲೋದಲ್ಲಿ ನುಡಿಸಿದ್ದು ಕಾರ್ನೆಲ್‌ಗಿಂತ ಬಿಗಿಯಾಗಿದೆ ಎಂಬುದು ನನ್ನ ಅಭಿಪ್ರಾಯ. ಬೈಯುವವರು ಬೈಯಬಹುದು.

ನನ್ನ ಮೆಚ್ಚಿನ ವರ್ಷ 1974. ನಾನು ಕಸುಬಿನಿಂದ ಧ್ವನಿ ತಂತ್ರಜ್ಞ, ಮದುವೆ ಮನೆಯಿಂದ ಹಿಡಿದು ರಾಜಕೀಯ ಸಭೆಯವರೆಗೆ ಮೈಕು ಕಟ್ಟಿದವನು. ಆ ವರ್ಷ ಅವರು ‘ವಾಲ್ ಆಫ್ ಸೌಂಡ್’ ಎಂಬ ಗೋಡೆ ಕಟ್ಟಿದರು. ಸುಮಾರು 600 ಸ್ಪೀಕರು, 75 ಟನ್ ತೂಕ, ಅದೂ ಕಲಾವಿದರ ಬೆನ್ನ ಹಿಂದೆ! ಮೈಕಿನ ಎದುರಿಗೇ ಸ್ಪೀಕರು ಇಟ್ಟರೆ ಕುಂಯ್ಯೆಂದು ಕಿರುಚುತ್ತದೆ ಎಂಬುದು ನಮ್ಮ ಪೆಂಡಾಲಿನ ಹುಡುಗನಿಗೂ ಗೊತ್ತು. ಅವರ ಉಪಾಯ ನೋಡಿ. ಪ್ರತಿ ಹಾಡುಗಾರನಿಗೆ ಒಂದರ ಮೇಲೊಂದು ಎರಡು ಮೈಕು, ಒಂದರ ತಂತಿ ಉಲ್ಟಾ. ಗೋಡೆಯಿಂದ ಬರುವ ಸದ್ದು ಎರಡಕ್ಕೂ ಸಮವಾಗಿ ಬಿದ್ದು ಪರಸ್ಪರ ಅಳಿಸಿಹೋಗುತ್ತದೆ. ಹಾಡುಗಾರ ಒಂದಕ್ಕೆ ಮಾತ್ರ ಬಾಯಿ ತಾಗಿಸಿ ಹಾಡಿದ್ದರಿಂದ ಅವನ ದನಿ ಮಾತ್ರ ಉಳಿಯುತ್ತದೆ. ಇದನ್ನು ಮೊದಲ ಸಲ ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಬೆಲೆಯನ್ನೂ ತೆತ್ತರು: 1974ರ ಟೇಪುಗಳಲ್ಲಿ ವಾದ್ಯಗಳು ಗಾಜಿನಷ್ಟು ಸ್ವಚ್ಛ, ಹಾಡುವ ದನಿ ಸ್ವಲ್ಪ ಸೊರಗಿರುತ್ತದೆ. ಆ ಗೋಡೆಯನ್ನು ಹೊತ್ತು ತಿರುಗಿ ಕೈ ಖಾಲಿಯಾಗಿ ಅಕ್ಟೋಬರ್‌ಗೆಲ್ಲ ಕೈಬಿಟ್ಟರು. ನಿಮ್ಮ ಟ್ರಂಕಿನಲ್ಲಿ ‘74’ ಎಂದಿರುವುದೆಲ್ಲವನ್ನೂ ಮೊದಲು ಹೊರಗೆ ತೆಗೆಯಿರಿ.

1978ರ ಈಜಿಪ್ಟಿನದು ಸಿಕ್ಕರೆ ಕಡೆಗೆ ಕೇಳಿ. ಪಿರಮಿಡ್ಡಿನ ಬುಡದಲ್ಲಿ ನುಡಿಸಿದರು, ಕೊನೆಯ ರಾತ್ರಿ ಚಂದ್ರಗ್ರಹಣ ಬೇರೆ. ಕಥೆ ಎಷ್ಟು ಚೆಂದವೋ ಪಿಯಾನೋ ಅಷ್ಟೇ ಅಪಶ್ರುತಿ. 90ರ ದಶಕದ, ತಂಡದ ಕೊನೆಯ ವರ್ಷಗಳನ್ನು ನಾನು ಕೇಳುವುದಿಲ್ಲ, ಗಾರ್ಸಿಯಾ ಪದಗಳನ್ನು ಮರೆಯುವುದು ನೋವು ಕೊಡುತ್ತದೆ.

ಇಪ್ಪತ್ತು ನಿಮಿಷದ ಹಾಡು ಭಾರ ಎನಿಸಿದರೆ ‘ರೆಕನಿಂಗ್’ ಕೇಳಿ. 1980ರಲ್ಲಿ ಕರೆಂಟು ಬೇಡದ ಮರದ ಗಿಟಾರು ಹಿಡಿದು ನುಡಿಸಿದ್ದು, ಹಾಡುಗಳು ಚಿಕ್ಕವು. ನನ್ನ ಹೆಂಡತಿ ಒಪ್ಪುವ ಏಕೈಕ ಧ್ವನಿಮುದ್ರಿಕೆ.

ಧಾರವಾಡದಿಂದ

ಈ ಅಣ್ಣ ಹೇಳಿದ ಈಜಿಪ್ಟನ್ನು ಬಿಟ್ಟರೂ ಬಿಸಿಲಿನದೊಂದು ಬಿಡಬೇಡಿ. 1972ರ ಆಗಸ್ಟ್ 27, ಆರೆಗಾನ್‌ನ ವೆನೀಟಾ. ನಷ್ಟದಲ್ಲಿದ್ದ ಒಂದು ಹಾಲಿನ ಡೇರಿಯನ್ನು ಉಳಿಸಲೆಂದು ಬಯಲಿನಲ್ಲಿ ನುಡಿಸಿದರು. ಟಿಕೆಟ್ಟನ್ನು ಮೊಸರಿನ ಲೇಬಲ್ಲಿನ ಮೇಲೇ ಅಚ್ಚು ಹಾಕಿಸಿದ್ದರಂತೆ. ಸೆಖೆಗೆ ವಾದ್ಯಗಳ ಶ್ರುತಿ ನಿಲ್ಲುತ್ತಿರಲಿಲ್ಲ, ಆದರೂ ಅಂದಿನ ‘ಡಾರ್ಕ್ ಸ್ಟಾರ್’ಗೆ ಸಾಟಿ ಇಲ್ಲ. ಡೇರಿಯೂ ಉಳಿಯಿತು.

ಮಂಗಳೂರಿನಿಂದ

ಸಂಗೀತದ ಮಾತು ಎಲ್ಲರೂ ಆಡಿದ್ದಾರೆ, ನಾನು ಬೂಷ್ಟಿನ ಬಗ್ಗೆ ಹೇಳುತ್ತೇನೆ. ಕರಾವಳಿಯಲ್ಲಿ ನನ್ನ ಕ್ಯಾಸೆಟ್ಟುಗಳಲ್ಲಿ ಕಾಲು ಭಾಗ ಹೀಗೆಯೇ ಹೋಯಿತು. ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು, ಅದರ ಪುಟ್ಟ ಕಿಟಕಿಯಿಂದ ಟೇಪಿನ ಸುರುಳಿಯ ಅಂಚನ್ನು ನೋಡಿ. ಬಿಳಿ ಪುಡಿ ಕಂಡರೆ ಅದನ್ನು ಒಳ್ಳೆಯ ಡೆಕ್ಕಿಗೆ ಹಾಕಲೇಬೇಡಿ, ಒಂದರ ಬೂಷ್ಟು, ಟೇಪಿಗೆ ತಾಗಿ ಸದ್ದು ಓದುವ ಹೆಡ್ಡಿನ ಮೂಲಕ ಉಳಿದವಕ್ಕೂ ದಾಟುತ್ತದೆ. ಒಳ್ಳೆಯವನ್ನು ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಪ್ರತಿ ನಾಲ್ಕೈದು ಕ್ಯಾಸೆಟ್ಟಿಗೊಮ್ಮೆ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಲೇಬಲ್ಲಿನ ಮೇಲೆ ಡಾಲ್ಬಿ (ಟೇಪಿನ ಸುಯ್ ಸದ್ದು ತಗ್ಗಿಸುವ ವ್ಯವಸ್ಥೆ) ಎಂದು ಬರೆದಿರದಿದ್ದರೆ ಡೆಕ್ಕಿನ ಡಾಲ್ಬಿ ಗುಂಡಿಯನ್ನು ಆರಿಸಿಡಿ, ಇಲ್ಲದಿದ್ದರೆ ತಾಳದ ಸದ್ದೆಲ್ಲ ಕಂಬಳಿ ಹೊದ್ದಂತಾಗುತ್ತದೆ. ಹೆಡ್ಡಿನ ಪಕ್ಕದ ಪುಟ್ಟ ತಿರುಪನ್ನು ಕಿವಿ ಕೊಟ್ಟುಕೊಂಡು ಕೂದಲೆಳೆಯಷ್ಟು ತಿರುಗಿಸಿದರೆ ದನಿ ತಟ್ಟನೆ ತೆರೆದುಕೊಳ್ಳುವ ಜಾಗ ಒಂದಿರುತ್ತದೆ.

ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಇವರ ಸಾವಿರಾರು ಮುದ್ರಣಗಳು ಪುಕ್ಕಟೆಯಾಗಿ ಇವೆ. ಸಭಿಕರ ಟೇಪುಗಳನ್ನು ಇಳಿಸಿಕೊಳ್ಳಬಹುದು, ಮಿಕ್ಸರಿನವನ್ನು ಅಲ್ಲೇ ಕೇಳಬೇಕು. 2005ರಲ್ಲಿ ಒಮ್ಮೆ ಇಳಿಸಿಕೊಳ್ಳುವ ಸೌಲಭ್ಯವನ್ನು ಪೂರ್ತಿ ತೆಗೆದಾಗ ಅಭಿಮಾನಿಗಳು ಗಲಾಟೆ ಎಬ್ಬಿಸಿ, ಕೊನೆಗೆ ಇಷ್ಟಕ್ಕೆ ರಾಜಿಯಾಯಿತು. ನಿಮ್ಮ 61ರ ತಾರೀಕುಗಳನ್ನು ಅಲ್ಲಿನ ಪಟ್ಟಿಯ ಜೊತೆ ಹೋಲಿಸಿ. ಅಲ್ಲಿ ಇಲ್ಲದ ಸಭಿಕರ ಟೇಪು ಒಂದು ಸಿಕ್ಕರೂ ನೀವು ಹಲವರ ಪಾಲಿಗೆ ದೇವರಾಗುತ್ತೀರಿ.

ಮೈಸೂರಿನಿಂದ, ಮೂರು ವಾರದ ನಂತರ

ಎಲ್ಲರಿಗೂ ನಮಸ್ಕಾರ. ಧಾರವಾಡದ ಅಕ್ಕ ಹೇಳಿದಂತೆ ಬಾಸ್ ಹಿಡಿದುಕೊಂಡು ಹೋದೆ, ಎರಡನೆಯ ಸಲಕ್ಕೆ ‘ಡಾರ್ಕ್ ಸ್ಟಾರ್’ ಸಿಕ್ಕಿತು. 1974ರವು ಮೂರಿವೆ, ಸೊರಗಿದ ದನಿ ಈಗ ನನಗೂ ಗೊತ್ತಾಗುತ್ತದೆ. ಕಾಗದಗಳು ಸಿಕ್ಕಿಲ್ಲ, ಒಂದು ಡಬ್ಬಿಯ ಒಳಗೆ ಓಹಾಯೋದ ವಿಳಾಸವಿರುವ ಹರಿದ ಲಕೋಟೆ ಮಾತ್ರ ಇತ್ತು.

ಕಾರ್ನೆಲ್ ಬಗ್ಗೆ ಒಂದು ವಿಷಯ. ಚಿಕ್ಕಪ್ಪನ 90 ನಿಮಿಷದ ಕ್ಯಾಸೆಟ್ಟಿನಲ್ಲಿ ದ್ವಿತೀಯಾರ್ಧದ ‘ನಾಟ್ ಫೇಡ್ ಅವೇ’ಯ ನಡುವೆ ಮೊದಲ ಬದಿ ಮುಗಿದುಹೋಗುತ್ತದೆ. ಕಟಕ್ ಎಂದು ನಿಂತು, ಮಗುಚಿ ಹಾಕಿದರೆ ಕೆಲವು ಕ್ಷಣ ಕಳೆದುಹೋಗಿರುತ್ತವೆ. ಅಷ್ಟು ಸಲ ಕೇಳಿದ ಮೇಲೆ ನಿನ್ನೆ ಅಧಿಕೃತ ಬಿಡುಗಡೆಯನ್ನು ಹಾಕಿದೆ. ಅಲ್ಲಿ ಏನೂ ನಿಲ್ಲಲಿಲ್ಲ, ಡ್ರಮ್ಮು ಹೊಡೆಯುತ್ತಲೇ ಹೋಯಿತು. ನಾನು ಮಾತ್ರ ಕ್ಯಾಸೆಟ್ಟು ತಿರುಗಿಸಲು ಎದ್ದು ನಿಂತಿದ್ದೆ.

ಮಂಗಳೂರಿನವರಿಗೆ ಒಂದು ಪ್ರಶ್ನೆ. ಒಂಬತ್ತರಲ್ಲಿ ಬಿಳಿ ಪುಡಿ ಇದೆ. ಅದರಲ್ಲಿ ಒಂದರ ಮೇಲೆ ‘ಆಲ್ಪೈನ್ 89’ ಎಂದು ಬರೆದಿದೆ, ‘ಎಯುಡಿ’. ಅಂಚೆಯಲ್ಲಿ ಕಳಿಸಲೇ?

ಮಂಗಳೂರಿನಿಂದ

ಅಂಚೆ ಬೇಡ, ಈ ಮಳೆಯಲ್ಲಂತೂ ಬೇಡ. ಶನಿವಾರ ಹಳೆಯ ಡೆಕ್ಕು ತೆಗೆದುಕೊಂಡು ನಾನೇ ಬಸ್ಸಿನಲ್ಲಿ ಬರುತ್ತೇನೆ. ಟೇಪಿನ ಸುರುಳಿಗಳನ್ನು ಹೊಸ ಕವಚಕ್ಕೆ ಬದಲಿಸಲು, ಬಿಚ್ಚಬಹುದಾದ ಐದು ತಿರುಪಿನ ಖಾಲಿ ಕ್ಯಾಸೆಟ್ಟು ಒಂಬತ್ತು ಹೊಂದಿಸಿಡಿ, ಅಂಟಿಸಿದ ಜಾತಿಯದು ಬೇಡ.

ಕ್ಯಾಲಿಫೋರ್ನಿಯಾದಿಂದ

ಆಲ್ಪೈನ್ ಯಾವ ತಾರೀಕು? 17, 18, 19ರಲ್ಲಿ ನಾನು ಹೋದದ್ದು 18ಕ್ಕೆ. ಯಾರಾದರೂ ಕನ್ನಡದಲ್ಲಿ ಮಾತಾಡಿದ್ದು ಕೇಳಿಸಿದರೆ ದಯವಿಟ್ಟು ಅಳಿಸಬೇಡಿ.