ಸಹಾಯ ಬೇಕು: ಕಿರುಚಿತ್ರಕ್ಕೆ ಒಬ್ಬ ತಾಯಿ

12 ನಿಮಿಷದ ಕಿರುಚಿತ್ರ, ಎರಡೇ ಪಾತ್ರ, ಒಂದೇ ಕೋಣೆ. ತಾಯಿಯ ಪಾತ್ರ ಒಪ್ಪಿಕೊಂಡಿದ್ದವರು ಚಿತ್ರೀಕರಣಕ್ಕೆ 9 ದಿನ ಇರುವಾಗ ಹಿಂದೆ ಸರಿದರು. ಅವರ ಕಷ್ಟ ಅವರಿಗೆ, ಬಿಡಿ. ಈಗ 60ರ ಆಸುಪಾಸಿನ ಮಹಿಳೆಯೊಬ್ಬರು ಬೇಕು. ರಂಗಭೂಮಿಯ ಅನುಭವವಿದ್ದರೆ ಸಂತೋಷ, ಆದರೆ ಕೊನೆಯ ಸಾಲಿನವರಿಗೂ ಕೇಳಿಸುವಂತೆ ಮಾತನಾಡುವ ಅಭ್ಯಾಸವನ್ನು ಕ್ಯಾಮೆರಾದ ಮುಂದೆ ಬಿಡಬೇಕಾಗುತ್ತದೆ. ಇಲ್ಲಿ ಮಾತಿಗಿಂತ ಮೌನವೇ ಹೆಚ್ಚು. ಬಟ್ಟೆ ಮಡಚುತ್ತಾ ಏನನ್ನೋ ನೆನಪಿಸಿಕೊಳ್ಳುವ ಒಂದು ನಿಮಿಷದ ವಿಡಿಯೊವನ್ನು ಮೊಬೈಲಿನಲ್ಲೇ ತೆಗೆದು ಕಳುಹಿಸಿದರೆ ಸಾಕು. 2 ದಿನದ ಕೆಲಸ. ಸಂಭಾವನೆ ಚಿಕ್ಕದು, ಆದರೆ ಖಂಡಿತ ಇದೆ.

ಇನ್ನೊಂದು ಪ್ರಶ್ನೆ. ಧ್ವನಿಯನ್ನು ಸ್ಥಳದಲ್ಲೇ ಮುದ್ರಿಸುತ್ತೇವೆ. ಫ್ಯಾನ್, ಫ್ರಿಜ್ ಆರಿಸಿದರೂ ಬರಿಯ ಗೋಡೆಗಳಿಂದ ಮಾತು ಮಾರ್ದನಿಸುತ್ತಿದೆ. ದಪ್ಪ ಕಂಬಳಿಗಳನ್ನು ನೇತುಹಾಕಿದರೆ ಸಾಕೇ, ಕಾಲರ್ ಮೈಕ್ ಕೂಡ ಬೇಕೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.