ರಾಜ್ಯವ್ಯಾಪಿ ಪೊಲೀಸ್, ಅಗ್ನಿಶಾಮಕ ವೈರ್‌ಲೆಸ್ ಜಾಲವನ್ನು ಡಿಜಿಟಲ್‌ಗೆ ಬದಲಾಯಿಸುವಾಗ ಮೊದಲು ನೋಡಬೇಕಾದುದು ಏನು?

ಪ್ರಶ್ನೆ: ಪೌರರಕ್ಷಣಾ ಸ್ವಯಂಸೇವಕ, ಬಸವನಗುಡಿ

ಮಾನ್ಯರೆ, ಮಳೆಗಾಲದಲ್ಲಿ ಬೆಂಗಳೂರಿನ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದಾಗ, ಬೇರೆ ಬೇರೆ ಇಲಾಖೆಗಳ ಸಿಬ್ಬಂದಿ ಒಂದೇ ರಸ್ತೆಯಲ್ಲಿ ನಿಂತಿದ್ದರೂ ಒಬ್ಬರ ವಾಕಿಟಾಕಿಯ ಮಾತು ಇನ್ನೊಬ್ಬರ ಸೆಟ್ಟಿಗೆ ತಲುಪದೆ, ಕೊನೆಗೆ ಎಲ್ಲರೂ ಮೊಬೈಲ್ ಫೋನನ್ನೇ ಅವಲಂಬಿಸುವುದನ್ನು ನಾನು ಕಂಡಿದ್ದೇನೆ. ನಮ್ಮಂತಹ ದೊಡ್ಡ ರಾಜ್ಯವು ಇಡೀ ಸುರಕ್ಷತಾ ವೈರ್‌ಲೆಸ್ ಜಾಲವನ್ನು ಡಿಜಿಟಲ್‌ಗೆ ಏರಿಸುವುದಾದರೆ ಯಾವ ಮಾನದಂಡವನ್ನು ಆರಿಸಿಕೊಳ್ಳಬೇಕು? ಈಗಿರುವ ಅನಲಾಗ್ ಸೆಟ್‌ಗಳನ್ನೆಲ್ಲ ಒಮ್ಮೆಲೇ ಬಿಡಬೇಕಾಗುತ್ತದೆಯೇ? ಹಳ್ಳಿಹಳ್ಳಿಗೂ 4ಜಿ ಬಂದಿರುವಾಗ ಪ್ರತ್ಯೇಕ ಜಾಲಕ್ಕೆ ಹಣ ಸುರಿಯುವ ಅಗತ್ಯವಾದರೂ ಏನು? ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ವೈರ್‌ಲೆಸ್ ತಂತ್ರಜ್ಞ, ಮಲ್ಲೇಶ್ವರ

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಮಿಕ್ಕದ್ದೆಲ್ಲ ಅದರ ಮೇಲೆ ನಿಂತಿದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ರಸ್ತೆ, ವಿದ್ಯುತ್ತು ಮತ್ತು ದೂರವಾಣಿ ಸಂಪರ್ಕ ಕಡಿದುಹೋದಾಗ ಜನಕ್ಕೆ ಅತ್ಯಂತ ಅಗತ್ಯವಾಗಿದ್ದುದು ಮಾತನಾಡುವ ಒಂದು ದಾರಿ. ಸಾರ್ವಜನಿಕ ಮೊಬೈಲ್ ಜಾಲ ವಿಪತ್ತಿನ ಹೊತ್ತಿನಲ್ಲೇ ಕಿಕ್ಕಿರಿಯುತ್ತದೆ, ಮತ್ತು ಕರೆಂಟು ಹೋದ ಮೇಲೆ ಅದರ ಗೋಪುರಗಳು ಬ್ಯಾಟರಿಯ ಮೇಲೆ ಬಹಳ ಹೊತ್ತು ನಿಲ್ಲುವುದಿಲ್ಲ. ವಾಕಿಟಾಕಿಯಲ್ಲಿ ಗುಂಡಿ ಒತ್ತಿದ ಅರೆ ಸೆಕೆಂಡಿನೊಳಗೆ ಇಡೀ ಗುಂಪಿಗೆ ಮಾತು ತಲುಪುತ್ತದೆ. ಗೋಪುರವೇ ಇಲ್ಲದಿದ್ದರೂ ಸೆಟ್ಟಿನಿಂದ ಸೆಟ್ಟಿಗೆ ನೇರವಾಗಿ ಮಾತನಾಡಬಹುದು. ಬ್ರಿಟನ್ ಟೆಟ್ರಾ ಎಂಬ ಯುರೋಪಿನ ಡಿಜಿಟಲ್ ರೇಡಿಯೊ ಮಾನದಂಡದ ತನ್ನ ಸುರಕ್ಷತಾ ಜಾಲವಾದ ಏರ್‌ವೇವ್ ಅನ್ನು 2019ರ ಅಂತ್ಯಕ್ಕೆ ಮುಚ್ಚಿ 4ಜಿ ಆಧಾರಿತ ಜಾಲಕ್ಕೆ ಸಾಗಲು ಯೋಜಿಸಿತ್ತು. ಆ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಗಿ, ಹಳೆಯ ಜಾಲವೇ ಇನ್ನೂ ದುಡಿಯುತ್ತಿದೆ. ಚಿತ್ರ, ನಕ್ಷೆ, ವಾಹನದ ಸ್ಥಾನಗಳಿಗೆ 4ಜಿ ಇರಲಿ. ಜೀವ ಉಳಿಸುವ ಮಾತಿಗೆ ರೇಡಿಯೊವನ್ನು ಉಳಿಸಿಕೊಳ್ಳಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಡಿಜಿಟಲ್ ಬಗ್ಗೆ ಮೊದಲೇ ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. ಅನಲಾಗ್ ಸೆಟ್ಟಿನಲ್ಲಿ ಸಂಕೇತ ಕುಂದುತ್ತಾ ಹೋದಂತೆ ಗೊರಗೊರ ಶಬ್ದ ಏರುತ್ತದೆ. ಅನುಭವಿ ಪೇದೆಯೊಬ್ಬರು ಆ ಗೊರಗೊರದ ನಡುವೆಯೂ ಮಾತನ್ನು ಹೆಕ್ಕಿಕೊಳ್ಳುತ್ತಾರೆ, ತಾವು ವ್ಯಾಪ್ತಿಯ ಅಂಚಿಗೆ ಬಂದಿದ್ದೇವೆಂದೂ ತಿಳಿದುಕೊಳ್ಳುತ್ತಾರೆ. ಡಿಜಿಟಲ್‌ನಲ್ಲಿ ದೋಷ ತಿದ್ದುವ ವ್ಯವಸ್ಥೆ ಇರುವುದರಿಂದ ಅಂಚಿನವರೆಗೂ ಧ್ವನಿ ಸ್ವಚ್ಛವಾಗಿರುತ್ತದೆ, ಅಲ್ಲಿಂದ ಒಂದು ಹೆಜ್ಜೆ ಆಚೆಗೆ ಏನೂ ಕೇಳಿಸುವುದಿಲ್ಲ. ಆದ್ದರಿಂದ ಈಗಿರುವ ರಿಪೀಟರ್ (ಸಂಕೇತವನ್ನು ಹಿಡಿದು ಬಲಪಡಿಸಿ ಮರುಪ್ರಸಾರ ಮಾಡುವ ಉಪಕರಣ) ಜಾಗಗಳಲ್ಲೇ ಹೊಸ ಪೆಟ್ಟಿಗೆಗಳನ್ನು ಕೂರಿಸಿದರೆ ಸಾಕೆಂಬ ಲೆಕ್ಕಾಚಾರವನ್ನು ಯಾರೂ ಒಪ್ಪಬಾರದು. ಗೋಪುರಗಳ ಸಂಖ್ಯೆ, ಅವುಗಳ ನಡುವಿನ ಮೈಕ್ರೋವೇವ್ ಅಥವಾ ಫೈಬರ್ ಸಂಪರ್ಕ, ಬ್ಯಾಟರಿ, ಜನರೇಟರ್ ಇವುಗಳಿಗೇ ಹಣದ ದೊಡ್ಡ ಪಾಲು ಹೋಗುತ್ತದೆ, ಹೋಗಲೂಬೇಕು.

ಉತ್ತರ 2: ರೇಡಿಯೊ ಇಂಜಿನಿಯರ್, ಪೀಣ್ಯ

ಮೇಲಿನ ಮಾತಿಗೆ ನನ್ನ ಸಂಪೂರ್ಣ ಸಹಮತವಿದೆ. ಮಾನದಂಡಗಳ ವಿಷಯಕ್ಕೆ ಬರುತ್ತೇನೆ. ಟೆಟ್ರಾ 25 ಕಿಲೋಹರ್ಟ್ಸ್ ಅಗಲದ ವಾಹಕವೊಂದನ್ನು, ಅಂದರೆ ಒಂದು ರೇಡಿಯೊ ಚಾನೆಲನ್ನು, ಕಾಲದಲ್ಲಿ ನಾಲ್ಕು ಮಾತುಗಳಿಗೆ ಪಾಲು ಮಾಡುತ್ತದೆ, ಡಿಎಂಆರ್ ಎಂಬ ಇನ್ನೊಂದು ಮಾನದಂಡ 12.5 ಕಿಲೋಹರ್ಟ್ಸ್ ಅನ್ನು ಎರಡು ಪಾಲು ಮಾಡುತ್ತದೆ. ಅಮೆರಿಕದ ಪಿ25 ಮಾನದಂಡದ ಮೊದಲ ಹಂತದಲ್ಲಿ 12.5 ಕಿಲೋಹರ್ಟ್ಸ್‌ಗೆ ಒಂದು ಮಾತು, ಎರಡನೆಯ ಹಂತದಲ್ಲಿ ಎರಡು. ಸಾವಿರಾರು ಸಿಬ್ಬಂದಿ ಒತ್ತೊತ್ತಾಗಿ ಕೆಲಸ ಮಾಡುವ ಬೆಂಗಳೂರಿನಂತಹ ನಗರಕ್ಕೆ ಟೆಟ್ರಾ ಚೆನ್ನಾಗಿ ಹೊಂದುತ್ತದೆ. ಆದರೆ ಅದಕ್ಕೆ ಗೋಪುರಗಳು ಹತ್ತಿರ ಹತ್ತಿರ ಬೇಕು. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲೂ ಉತ್ತರ ಕನ್ನಡದ ಕಾಡುಗಳಲ್ಲೂ ಕಡಿಮೆ ಆವರ್ತನದ ವಿಎಚ್‌ಎಫ್ ತರಂಗಗಳೇ ಹೆಚ್ಚು ದೂರ ಹೋಗುತ್ತವೆ, ಮತ್ತು ಅಲ್ಲಿ ಡಿಎಂಆರ್ ಅಥವಾ ಪಿ25 ಅನ್ನು ವಿಎಚ್‌ಎಫ್‌ನಲ್ಲೇ ನಡೆಸಬಹುದು. ಯಾವ ತರಂಗಾಂತರ ಬೇಕೆಂದರೂ ಕೇಂದ್ರ ಸರ್ಕಾರದ, ತರಂಗಾಂತರ ಹಂಚುವ ಡಬ್ಲ್ಯೂಪಿಸಿ ವಿಭಾಗದ ಪರವಾನಗಿ ಅಗತ್ಯವಾದ್ದರಿಂದ, ಆ ಅರ್ಜಿ ಟೆಂಡರಿಗಿಂತ ಮುಂಚೆಯೇ ಹೊರಡಬೇಕು.

ಹಳೆಯ ಸೆಟ್‌ಗಳ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಡಿಎಂಆರ್ ಮತ್ತು ಪಿ25 ಸೆಟ್‌ಗಳಲ್ಲಿ ಸಾಮಾನ್ಯವಾಗಿ ಅನಲಾಗ್ ಎಫ್‌ಎಂ ಕೂಡ ಇರುವುದರಿಂದ, ಒಂದು ಜಿಲ್ಲೆಯ ಸಿಬ್ಬಂದಿ ಹೊಸ ಸೆಟ್ ಹಿಡಿದು ಹಳೆಯ ಚಾನೆಲ್‌ನಲ್ಲೇ ಕೆಲಸ ಮುಂದುವರಿಸಿ, ರಿಪೀಟರ್‌ಗಳು ಸಿದ್ಧವಾದ ದಿನ ಡಿಜಿಟಲ್‌ಗೆ ಹೊರಳಬಹುದು. ಟೆಟ್ರಾ ಸೆಟ್‌ಗಳಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಎರಡೂ ಜಾಲಗಳನ್ನು ಕಂಟ್ರೋಲ್ ರೂಮಿನಲ್ಲಿ ಗೇಟ್‌ವೇ ಮೂಲಕ ಬೆಸೆದು ಇಡಬೇಕಾಗುತ್ತದೆ. ಮೂವತ್ತೊಂದು ಜಿಲ್ಲೆಗಳ ರಾಜ್ಯದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಗೂಢಲಿಪೀಕರಣವನ್ನೂ (ಹೊರಗಿನವರಿಗೆ ಅರ್ಥವಾಗದಂತೆ ಮಾತನ್ನು ಮರೆಮಾಚುವುದು) ಹೆಸರಿಗಷ್ಟೇ ಕೇಳಬಾರದು. 2023ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಟೆಟ್ರಾದ ಟಿಇಎ1 ಎಂಬ ಅಲ್ಗಾರಿದಮ್‌ನ 80 ಬಿಟ್‌ಗಳ ಕೀಲಿಯು ಒಳಗೆ 32 ಬಿಟ್‌ಗಳಿಗೆ ಇಳಿದುಬಿಡುತ್ತದೆ ಎಂಬುದನ್ನು ಬಯಲು ಮಾಡಿದರು. ಸಾಧಾರಣ ಕಂಪ್ಯೂಟರಿನಿಂದಲೇ ಅದನ್ನು ಭೇದಿಸಬಹುದಾಗಿತ್ತು. ಯಾವ ಅಲ್ಗಾರಿದಮ್, ಕೀಲಿಗಳು ಯಾರ ಕೈಯಲ್ಲಿ, ಕಳೆದುಹೋದ ಸೆಟ್ಟನ್ನು ದೂರದಿಂದಲೇ ನಿಷ್ಕ್ರಿಯಗೊಳಿಸುವುದು ಹೇಗೆ ಎಂಬುದು ಕರಾರಿನಲ್ಲಿ ಬರಹದಲ್ಲೇ ಇರಬೇಕು.

ಪ್ರಶ್ನಿಸಿದವರು:

ಇಬ್ಬರಿಗೂ ಧನ್ಯವಾದಗಳು. ಮೆಜೆಸ್ಟಿಕ್, ಚಿಕ್ಕಪೇಟೆಯಂತಹ ನೆಲದಡಿಯ ಮೆಟ್ರೊ ನಿಲ್ದಾಣಗಳಲ್ಲಿ, ಅಪಾರ್ಟ್‌ಮೆಂಟ್‌ಗಳ ಮೂರು ಮಹಡಿ ಆಳದ ಬೇಸ್‌ಮೆಂಟ್‌ಗಳಲ್ಲಿ ಇದು ಕೆಲಸ ಮಾಡುವುದೇ?

ಉತ್ತರ 3: ಅಗ್ನಿಶಾಮಕ ಸೇವೆಯಲ್ಲಿದ್ದವರು, ರಾಜಾಜಿನಗರ

ಹೊರಗಿನ ಗೋಪುರ ಎಷ್ಟೇ ಬಲವಾಗಿದ್ದರೂ ನೆಲದಡಿಯಲ್ಲಿ ರೇಡಿಯೊ ತಾನಾಗಿಯೇ ಕೆಲಸ ಮಾಡುವುದಿಲ್ಲ. ಸುರಂಗದ ಉದ್ದಕ್ಕೂ ತರಂಗ ಸೂಸುವ ಕೇಬಲ್ ಎಳೆಯಬೇಕು, ಬೇಸ್‌ಮೆಂಟ್‌ಗಳಲ್ಲಿ ಆಂಪ್ಲಿಫೈಯರ್ ಮತ್ತು ಆಂಟೆನಾ ಇಡಬೇಕು. 2005ರ ಜುಲೈ 7ರಂದು ಲಂಡನ್ನಿನ ಸುರಂಗ ರೈಲುಗಳಲ್ಲಿ ಬಾಂಬ್ ಸಿಡಿದಾಗ ಕೆಳಗಿಳಿದ ರಕ್ಷಣಾ ಸಿಬ್ಬಂದಿಗೆ ಮೇಲಿನವರೊಂದಿಗೆ ರೇಡಿಯೊ ಸಂಪರ್ಕ ಸಿಗದೆ ತೀವ್ರ ತೊಂದರೆಯಾಯಿತು. ಏರ್‌ವೇವ್ ಜಾಲವನ್ನು ನೆಲದಡಿಗೆ ವಿಸ್ತರಿಸಿದ್ದು ಆ ಬಳಿಕ. ನಾವು ಹಾಗೆ ಕಾಯಬೇಕಾಗಿಲ್ಲ: ದೊಡ್ಡ ಕಟ್ಟಡಗಳಿಗೆ ನಿರಾಕ್ಷೇಪಣಾ ಪತ್ರ ಕೊಡುವ ಮುನ್ನ ಒಳಗೆ ರೇಡಿಯೊ ಕೇಳಿಸುತ್ತದೆಯೇ ಎಂದು ಪರೀಕ್ಷಿಸುವ ನಿಯಮ ಬರಲಿ.

ಬೆಂಕಿಯ ಸ್ಥಳದ ಸದ್ದನ್ನೂ ಮರೆಯಬಾರದು. ಡಿಜಿಟಲ್ ಸೆಟ್ಟಿನ ವೋಕೋಡರ್ (ಧ್ವನಿಯನ್ನು ಅಂಕಿಗಳಾಗಿ ಕುಗ್ಗಿಸುವ ಭಾಗ) ಮನುಷ್ಯನ ಧ್ವನಿಯನ್ನು ಮಾದರಿಯಾಗಿಟ್ಟುಕೊಂಡು ಕಟ್ಟಿದ್ದು. ಪಂಪು, ಕತ್ತರಿಸುವ ಗರಗಸ, ಸೈರನ್ ಇವುಗಳ ಗದ್ದಲ ಮಾತಿನೊಂದಿಗೆ ಬೆರೆತಾಗ ಮಾತೇ ವಿಕಾರವಾಗುತ್ತದೆ. 2008ರಲ್ಲಿ ಅಮೆರಿಕದ ಸರ್ಕಾರಿ ಪ್ರಯೋಗಾಲಯವೊಂದು ನಡೆಸಿದ ಪರೀಕ್ಷೆಗಳಲ್ಲಿ, ಇಂತಹ ಕೆಲವು ಗದ್ದಲಗಳ ನಡುವೆ ಅನಲಾಗ್ ಮಾತೇ ಹೆಚ್ಚು ಅರ್ಥವಾಗಿತ್ತು. ಗದ್ದಲ ಅಡಗಿಸುವ ವ್ಯವಸ್ಥೆ ಈಚಿನ ಸೆಟ್‌ಗಳಲ್ಲಿ ಸುಧಾರಿಸಿದೆ. ಆದರೂ ಕೊಳ್ಳುವ ಮೊದಲು, ಉಸಿರಾಟದ ಮುಖವಾಡ ತೊಟ್ಟ ನಮ್ಮ ಸಿಬ್ಬಂದಿಯೇ ಪಂಪಿನ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಮಾತನಾಡಿ ನೋಡಬೇಕು.

ಮೂಲ ಪ್ರಶ್ನೆಯಲ್ಲಿ ನೀವು ಹೇಳಿದ ತೊಂದರೆಗೆ, ಅಂದರೆ ಇಲಾಖೆಗಳ ನಡುವೆ ಮಾತು ದಾಟದಿರುವುದಕ್ಕೆ, ಡಿಜಿಟಲ್ ತಾನಾಗಿ ಪರಿಹಾರವಲ್ಲ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್, ಪೌರರಕ್ಷಣೆ ಎಲ್ಲರ ಸೆಟ್ಟಿನಲ್ಲೂ ಒಂದೇ ಸ್ಥಾನದಲ್ಲಿ ಒಂದೇ ಹೆಸರಿನ ಜಂಟಿ ಟಾಕ್‌ಗ್ರೂಪ್ (ಗುಂಪಿನವರೆಲ್ಲ ಕೇಳುವ ಮಾತಿನ ಚಾನೆಲ್) ಇಟ್ಟು, ಅದನ್ನು ಯಾರು ಯಾವಾಗ ತೆರೆಯಬೇಕೆಂದು ಆದೇಶ ಹೊರಡಿಸಿ, ಅಭ್ಯಾಸ ಮಾಡಿಸಬೇಕು. ಕರಾರಿನಲ್ಲಿ ಹಣ ಪಾವತಿಯನ್ನು ಧ್ವನಿಯ ಗುಣಮಟ್ಟಕ್ಕೆ ಕಟ್ಟಿಹಾಕಿ; ಸುರಕ್ಷತಾ ಜಾಲಗಳಿಗೆ ಸಾಮಾನ್ಯವಾಗಿ ಕೇಳುವುದು ಐದರ ಅಳತೆಯಲ್ಲಿ 3.4, ಅಂದರೆ ಅಪರೂಪಕ್ಕೆ ಮಾತ್ರ ಪುನಃ ಹೇಳಿಸಬೇಕಾಗುವ, ಅರ್ಥವಾಗುವ ಮಾತು. ಅದನ್ನು ಕಂಪ್ಯೂಟರ್ ನಕ್ಷೆಯಲ್ಲಿ ತೋರಿಸಿದರೆ ಸಾಲದು; ಪ್ರತಿ ತಾಲ್ಲೂಕಿನಲ್ಲಿ ವಾಹನದಲ್ಲೂ ಕಾಲ್ನಡಿಗೆಯಲ್ಲೂ ಅಳೆದು ತೋರಿಸಲಿ. ಹೊಸ ಜಾಲ ಒಂದು ಪೂರ್ತಿ ಮಳೆಗಾಲವನ್ನು ದಾಟುವವರೆಗೆ ಆ ಜಿಲ್ಲೆಯ ಹಳೆಯ ರಿಪೀಟರ್‌ಗಳನ್ನು ಇಳಿಸಬಾರದೆಂಬ ಷರತ್ತನ್ನೂ ಅದೇ ಕರಾರಿನಲ್ಲಿ ಸೇರಿಸಬೇಕು.