ಪದಚರ್ಚೆ: ಫೋನಿನೊಳಗಿನ ‘ಹಿಡನ್ ಸಿಸ್ಟಂ’ ಆ್ಯಪ್‌ಗಳನ್ನು ‘ಗುಪ್ತ’ ಎನ್ನುವುದು ಸರಿಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿಯ ಕಡೆಯ ನಮ್ಮ ಊರಿನಲ್ಲಿ ನಾವು ನಾಲ್ಕೈದು ಮಂದಿ ಸೇರಿ ಭಾನುವಾರಗಳಂದು ಹಿರಿಯರಿಗೆ ಸ್ಮಾರ್ಟ್‌ಫೋನ್ ಬಳಕೆಯನ್ನು ಹೇಳಿಕೊಡುತ್ತಿದ್ದೇವೆ. ಅವರ ಕೈಯಲ್ಲಿರಲಿ ಎಂದು ಸಣ್ಣ ಪುಸ್ತಿಕೆಯೊಂದನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರ ಕೊನೆಯ ಅಧ್ಯಾಯವು, ಪರದೆಯ ಮೇಲೆ ಐಕಾನ್ ಇಲ್ಲದೆ, ನಾವು ಎಂದೂ ಮುಟ್ಟಿ ತೆರೆಯದೆ, ಫೋನಿನೊಳಗೇ ಇದ್ದು ಬೇರೆ ಆ್ಯಪ್‌ಗಳಿಗೆ ನೆರವಾಗುವ ಸಿಸ್ಟಂ ಆ್ಯಪ್‌ಗಳನ್ನು ಕುರಿತದ್ದು. ಆಂಡ್ರಾಯ್ಡ್ ಸಿಸ್ಟಂ ವೆಬ್‌ವ್ಯೂ, ಗೂಗಲ್ ಪ್ಲೇ ಸರ್ವಿಸಸ್ ಮುಂತಾದವು ಈ ಜಾತಿಗೆ ಸೇರುತ್ತವೆ. ಮೊದಲ ಕರಡಿನಲ್ಲಿ ನಾನು ಈ ಅಧ್ಯಾಯಕ್ಕೆ ‘ಗುಪ್ತ ಸಿಸ್ಟಂ ಘಟಕಗಳು’ ಎಂದು ಹೆಸರಿಟ್ಟಿದ್ದೆ. ಈಗ ಆ ಮೂರು ಪದಗಳಲ್ಲಿ ಎರಡರ ಬಗ್ಗೆ ನನಗೆ ಸಮಾಧಾನವಿಲ್ಲ.

ಸಮಾಧಾನ ಕೆಟ್ಟದ್ದು ನಿವೃತ್ತ ಮೇಷ್ಟ್ರೊಬ್ಬರ ಪ್ರಶ್ನೆಯಿಂದ. ಕರಡನ್ನು ಓದುತ್ತಾ ಹೋದ ಅವರು ಶೀರ್ಷಿಕೆಯ ಕೆಳಗೆ ಬೆರಳಿಟ್ಟು, “ಗುಪ್ತ ಅಂದ್ರೆ ಯಾರಿಂದ ಗುಪ್ತ ಮಾರಾಯ್ರೇ? ನನ್ನ ಫೋನಲ್ಲಿ ನನ್ನಿಂದಲೇ ಮುಚ್ಚಿಡುವಂಥದ್ದು ಏನಿದೆ?” ಎಂದು ಕೇಳಿದರು. ಅವರು ಹಾಗೆ ಕೇಳಲು ಕಾರಣವಿತ್ತು. ಅದಕ್ಕೆ ಎರಡು ವಾರ ಮೊದಲು ಅವರಿಗೆ ವಾಟ್ಸ್ಆ್ಯಪ್‌ನಲ್ಲಿ, ಫೋನಿನಲ್ಲಿ ಗುಪ್ತವಾಗಿರುವ ಆ್ಯಪ್‌ಗಳನ್ನು ಕೂಡಲೇ ನಿಲ್ಲಿಸಿರೆಂಬ ಸಂದೇಶವೊಂದು ಬಂದಿತ್ತು. ಅದರಲ್ಲಿ ಹೇಳಿದಂತೆ ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್‌ಗಳ ಪಟ್ಟಿಯ ಮೂರು ಚುಕ್ಕಿಗಳನ್ನು ಒತ್ತಿ, ‘ಸಿಸ್ಟಂ ತೋರಿಸಿ’ ಎಂಬುದನ್ನು ಆರಿಸಿ, ಕಂಡ ಉದ್ದನೆಯ ಪಟ್ಟಿಯಲ್ಲಿ ವೆಬ್‌ವ್ಯೂ ಎಂಬ ಗುರುತಿಲ್ಲದ ಹೆಸರನ್ನು ಹುಡುಕಿ, ಅದನ್ನು ‘ನಿಷ್ಕ್ರಿಯಗೊಳಿಸಿ’ಬಿಟ್ಟಿದ್ದರು. ಮರುದಿನ ಬಿಲ್ ಕಟ್ಟುವ ಆ್ಯಪ್ ತೆರೆದ ಕ್ಷಣವೇ ಮುಚ್ಚಿಕೊಳ್ಳತೊಡಗಿತು. ಅವರು ಬೈದದ್ದು ಬಿಲ್ಲಿನ ಆ್ಯಪನ್ನು. ಅದನ್ನು ತೆಗೆದು ಮತ್ತೆ ಹಾಕಿಕೊಂಡದ್ದು ಎರಡು ಸಲ.

ಇಲ್ಲಿ ವೆಬ್‌ವ್ಯೂ ಎಂಬುದರ ಕೆಲಸವನ್ನು ನಾಲ್ಕು ಮಾತಿನಲ್ಲಿ ಹೇಳಬೇಕು, ಏಕೆಂದರೆ ಪದದ ಆಯ್ಕೆ ಅದನ್ನೇ ಅವಲಂಬಿಸಿದೆ. ಅನೇಕ ಆ್ಯಪ್‌ಗಳು ತಮ್ಮೊಳಗೇ ಜಾಲತಾಣದ ಪುಟವನ್ನು ತೋರಿಸುತ್ತವೆ: ಹಣ ಪಾವತಿಯ ಪುಟ, ಲಾಗಿನ್ ಪುಟ, ನಿಯಮಗಳ ಪುಟ. ಇದಕ್ಕಾಗಿ ಪ್ರತಿಯೊಂದು ಆ್ಯಪ್ ತನ್ನದೇ ಬ್ರೌಸರನ್ನು ಹೊತ್ತು ತಿರುಗುವುದಿಲ್ಲ; ಫೋನಿನಲ್ಲಿ ಎಲ್ಲರಿಗೂ ಸೇರಿ ಇರುವ ವೆಬ್‌ವ್ಯೂವನ್ನೇ ಬಳಸಿಕೊಳ್ಳುತ್ತದೆ. 2014ರಲ್ಲಿ ಬಂದ ಆಂಡ್ರಾಯ್ಡ್ 5ರಿಂದ ಈಚೆಗೆ ಇದು ಪ್ಲೇ ಸ್ಟೋರ್ ಮೂಲಕ ಪ್ರತ್ಯೇಕವಾಗಿ ಅಪ್‌ಡೇಟ್ ಆಗುತ್ತದೆ. ಆಂಡ್ರಾಯ್ಡ್ 7ರಿಂದ 9ರವರೆಗಿನ ಫೋನುಗಳಲ್ಲಿ ಸಾಮಾನ್ಯವಾಗಿ ಕ್ರೋಮ್ ಬ್ರೌಸರೇ ಈ ಕೆಲಸವನ್ನೂ ಮಾಡುತ್ತಿದ್ದುದರಿಂದ, ಅಂಥ ಫೋನಿನಲ್ಲಿ ವೆಬ್‌ವ್ಯೂ ನಿಷ್ಕ್ರಿಯವಾಗಿರುವಂತೆ ಕಂಡರೆ ಅದು ದೋಷವಲ್ಲ. 2021ರ ಮಾರ್ಚ್ ತಿಂಗಳ ಕೊನೆಯ ಭಾಗದಲ್ಲಿ ವೆಬ್‌ವ್ಯೂ ಮತ್ತು ಕ್ರೋಮ್‌ನಲ್ಲಿದ್ದ ದೋಷವೊಂದರಿಂದ ಜಗತ್ತಿನ ಅನೇಕ ಕಡೆ ಜಿಮೇಲ್ ಸಹಿತ ಹಲವು ಆ್ಯಪ್‌ಗಳು ತೆರೆದ ಕೂಡಲೇ ಕುಸಿದುಬೀಳುತ್ತಿದ್ದವು. ಗೂಗಲ್ ಎರಡಕ್ಕೂ ಹೊಸ ಅಪ್‌ಡೇಟ್ ಕೊಟ್ಟ ಮೇಲೆ ಸರಿಹೋಯಿತು. ಆ ದಿನ ಜಿಮೇಲನ್ನು ಎಷ್ಟು ಸಲ ತೆಗೆದು ಹಾಕಿದರೂ ಪ್ರಯೋಜನವಿರಲಿಲ್ಲ, ಏಕೆಂದರೆ ಕೆಟ್ಟದ್ದು ಜಿಮೇಲ್ ಆಗಿರಲೇ ಇಲ್ಲ. ನೋವು ಒಂದು ಕಡೆ, ರೋಗ ಇನ್ನೊಂದು ಕಡೆ.

ಈಗ ‘ಗುಪ್ತ’ ಪದಕ್ಕೆ ಬರುತ್ತೇನೆ. ಸಂಸ್ಕೃತದಲ್ಲಿ ಇದರ ಧಾತುವಿಗೆ ಕಾಪಾಡು ಎಂಬ ಅರ್ಥವಿದ್ದು, ಗುಪ್ತವೆಂದರೆ ಮೊದಲಿಗೆ ರಕ್ಷಿತವಾದದ್ದು ಎಂದೇ ಅರ್ಥ. ಆ ಅರ್ಥದಲ್ಲಿ ನೋಡಿದರೆ ಈ ಪದ ಇಲ್ಲಿಗೆ ಚೆನ್ನಾಗಿಯೇ ಹೊಂದುತ್ತದೆ: ಫೋನಿನ ಜೊತೆಗೇ ಬಂದ ಸಿಸ್ಟಂ ಆ್ಯಪ್‌ನ ಮೂಲಪ್ರತಿ, ಬಳಕೆದಾರ ಬದಲಿಸಲಾಗದ, ಓದಲು ಮಾತ್ರ ಅವಕಾಶವಿರುವ ಭಾಗದಲ್ಲಿ ಇರುತ್ತದೆ. ಆದರೆ ಇಂದಿನ ಕನ್ನಡದಲ್ಲಿ ಗುಪ್ತಚರ, ಗುಪ್ತ ಸಭೆ, ಗುಪ್ತ ಕಾರ್ಯಸೂಚಿ ಎಂಬ ಬಳಕೆಗಳು ಈ ಪದಕ್ಕೆ ಒಬ್ಬ ಕರ್ತೃವನ್ನೂ ಅವನಿಗೊಂದು ಉದ್ದೇಶವನ್ನೂ ಅಂಟಿಸಿಬಿಟ್ಟಿವೆ. ಗುಪ್ತದಾನ, ಗುಪ್ತಗಾಮಿನಿ ಎಂಬ ಒಳ್ಳೆಯ ಮಾತುಗಳಿದ್ದರೂ ಫೋನಿನ ಸಂದರ್ಭದಲ್ಲಿ ಓದುಗರಿಗೆ ಮೊದಲು ನೆನಪಾಗುವುದು ಗುಪ್ತಚರನೇ. ಮೇಷ್ಟ್ರು ಕೇಳಿದ ‘ಯಾರಿಂದ’ ಎಂಬ ಪ್ರಶ್ನೆ ಪದದ ಒಳಗಿನಿಂದಲೇ ಎದ್ದು ಬಂದದ್ದು. ‘ಅಡಗಿದ’, ‘ಅವಿತ’, ‘ಬಚ್ಚಿಟ್ಟ’ ಎಂಬವುಗಳದ್ದೂ ಇದೇ ತೊಡಕು. ‘ಸುಪ್ತ’ ಎಂದರೆ ಮಲಗಿರುವುದು ಎಂದಾಗುತ್ತದೆ, ಆದರೆ ಇವು ಸದಾ ಕೆಲಸದಲ್ಲಿರುವಂಥವು.

ವಾಸ್ತವವಾಗಿ ಇಲ್ಲಿ ‘ಹಿಡನ್’ ಎಂಬುದು ವಸ್ತುವಿನ ಗುಣವೇ ಅಲ್ಲ, ಪಟ್ಟಿಯ ಗುಣ. ಆ್ಯಪ್‌ಗಳ ಪಟ್ಟಿ ಉದ್ದವಾಗದಿರಲೆಂದು ಸಿಸ್ಟಂ ಆ್ಯಪ್‌ಗಳನ್ನು ಅದರಲ್ಲಿ ತೋರಿಸುವುದಿಲ್ಲ; ಒಂದು ಆಯ್ಕೆಯನ್ನು ಒತ್ತಿದರೆ ಎಲ್ಲವೂ ಕಾಣುತ್ತವೆ. ಚುಕ್ಕಿಯಿಂದ ಹೆಸರು ಆರಂಭವಾಗುವ ಕಡತಗಳನ್ನು ಫೈಲ್ ಮ್ಯಾನೇಜರ್ ತೋರಿಸದಿರುವುದೂ ಇದೇ ಬಗೆಯದು. ಹೀಗಿರುವಾಗ ‘ಪಟ್ಟಿಯಲ್ಲಿ ಕಾಣಿಸದ’ ಎಂದು ಬಿಡಿಸಿ ಹೇಳುವುದೇ ಪ್ರಾಮಾಣಿಕವೆಂದು ನನಗೆ ತೋರುತ್ತದೆ. ಆದರೆ ಶೀರ್ಷಿಕೆಗೆ, ಮತ್ತೆ ಮತ್ತೆ ಬಳಸುವುದಕ್ಕೆ, ಒಂದು ನಾಮಪದ ಬೇಕೇ ಬೇಕು.

ಅದಕ್ಕಾಗಿ ಹುಡುಕಿದಾಗ ಮೊದಲು ಸಿಕ್ಕಿದ್ದು ‘ಹಿಮ್ಮೇಳ’. ಯಕ್ಷಗಾನ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ: ಮುಮ್ಮೇಳದ ವೇಷ ಕುಣಿಯುವುದು ಹಿಮ್ಮೇಳದ ಭಾಗವತಿಕೆ, ಮದ್ದಳೆ, ಚೆಂಡೆಗಳ ಬಲದಿಂದ; ಚೆಂಡೆ ನಿಂತರೆ ವೇಷದ ಕಾಲು ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ಈ ಪದ ನನಗೆ ಬಹಳ ಇಷ್ಟವಾಯಿತು. ಆದರೂ ಎರಡು ಕಾರಣಕ್ಕೆ ಬಿಟ್ಟೆ. ಹಿಮ್ಮೇಳದವರು ರಂಗದಲ್ಲೇ, ಎಲ್ಲರ ಕಣ್ಣೆದುರಿಗೇ ಕುಳಿತಿರುತ್ತಾರೆ. ಆಟವನ್ನು ನಡೆಸುವವರೇ ಭಾಗವತರು. ಜೊತೆಗೆ, ಪತ್ರಿಕೆಗಳ ಭಾಷೆಯಲ್ಲಿ ಹಿಮ್ಮೇಳವೆಂದರೆ ದೊಡ್ಡವರ ಮಾತಿಗೆ ತಾಳ ಹಾಕುವವರ ಗುಂಪು ಎಂಬ ಅರ್ಥವೂ ಬೇರೂರಿದೆ. ‘ಎಲೆಮರೆಯ ಕಾಯಿ’ ಎಂಬ ನುಡಿಗಟ್ಟು ಭಾವಕ್ಕೆ ಹತ್ತಿರವಿದ್ದರೂ ಅದು ವ್ಯಕ್ತಿಗಳಿಗೆ ಮೀಸಲು.

‘ಘಟಕ’ವನ್ನು ಕುರಿತೂ ಒಂದು ಮಾತು. ಬಸ್ ಡಿಪೋ ಘಟಕ, ಡಯಾಲಿಸಿಸ್ ಘಟಕ, ಪಕ್ಷದ ಮಹಿಳಾ ಘಟಕ: ನಮ್ಮ ಬಳಕೆಯಲ್ಲಿ ಘಟಕವೆಂದರೆ ತನ್ನಷ್ಟಕ್ಕೆ ತಾನು ನಡೆಯುವ ಒಂದು ವಿಭಾಗ. ‘ಬಿಡಿಭಾಗ’ ಎಂದರಂತೂ ಬಿಚ್ಚಿ ತೆಗೆಯಬಹುದಾದದ್ದು ಎಂದು ಪದವೇ ಹೇಳುತ್ತದೆ, ಮತ್ತು ನಾವು ತಡೆಯಬೇಕಾದ ತಪ್ಪು ಅದೇ.

ನನ್ನ ಸೂಚನೆ ‘ಒಳಾಂಗ’ ಎಂಬುದು. ಹೊಟ್ಟೆಯೊಳಗಿನ ಅಂಗಗಳು ಕಣ್ಣಿಗೆ ಕಾಣುವುದಿಲ್ಲ, ಆದರೆ ಅವುಗಳನ್ನು ಯಾರೂ ಗುಪ್ತ ಅಂಗಗಳೆಂದು ಅನುಮಾನದಿಂದ ನೋಡುವುದಿಲ್ಲ. ಅವು ಸದಾ ದುಡಿಯುತ್ತವೆ, ಇಡೀ ದೇಹಕ್ಕಾಗಿ ದುಡಿಯುತ್ತವೆ, ಮತ್ತು ಅವುಗಳಲ್ಲಿ ತೊಂದರೆಯಾದರೆ ನೋವು ಬೇರೆಲ್ಲೋ ಕಾಣಿಸಿಕೊಳ್ಳಬಹುದು. ಎದೆಯ ತೊಂದರೆಗೆ ಎಡಗೈ ಸೆಳೆಯುವುದನ್ನು ಹಿರಿಯರೆಲ್ಲ ಬಲ್ಲರು. ಜಿಮೇಲ್ ಕುಸಿದರೆ ವೆಬ್‌ವ್ಯೂವನ್ನು ನೋಡಬೇಕೆಂಬ ಬುದ್ಧಿಯನ್ನು ಈ ಹೆಸರೇ ಅರ್ಧ ಕಲಿಸಿಕೊಡುತ್ತದೆ. ‘ಒಳ’ ಎಂಬುದಕ್ಕೆ ‘ಅಂಗ’ ಸೇರಿದರೆ ಅರಿಸಮಾಸವಾಗುತ್ತದೆ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆರೆತ, ವ್ಯಾಕರಣ ಮೆಚ್ಚದ ಸಮಾಸವಾಗುತ್ತದೆ ಎಂದು ಬಳಗದ ವೈಯಾಕರಣರು ಹೇಳಬಹುದು. ಒಳಾಂಗಣ, ಮಳೆಗಾಲಗಳನ್ನು ನಾವು ಒಪ್ಪಿಕೊಂಡಾಗಿದೆಯಾದ್ದರಿಂದ ಆ ಆಕ್ಷೇಪಕ್ಕೆ ನಾನು ಹೆಚ್ಚು ಅಂಜುವುದಿಲ್ಲ.

ನನ್ನನ್ನು ನಿಜವಾಗಿ ಕಾಡುವ ಆಕ್ಷೇಪ ಬೇರೆ. ಈ ಜಾತಿಯ ಆ್ಯಪ್‌ಗಳೆಲ್ಲ ದೇಹದ ಜೊತೆಗೇ ಹುಟ್ಟಿದವಲ್ಲ. ಆಂಡ್ರಾಯ್ಡ್ ಸಿಸ್ಟಂ ಸೇಫ್ಟಿಕೋರ್ ಎಂಬುದು 2024ರ ಕೊನೆಯ ತಿಂಗಳುಗಳಲ್ಲಿ ಆಂಡ್ರಾಯ್ಡ್ 9 ಮತ್ತು ಅದಕ್ಕಿಂತ ಹೊಸ ಫೋನುಗಳಿಗೆ ಸದ್ದಿಲ್ಲದೆ ಬಂದು ಸೇರಿಕೊಂಡಿತು. ಮೆಸೇಜಸ್ ಆ್ಯಪ್‌ನಲ್ಲಿ ನಗ್ನಚಿತ್ರಗಳಿದ್ದರೆ ಮುಸುಕು ಹಾಕಿ ಎಚ್ಚರಿಸುವಂಥ ಸೌಲಭ್ಯಕ್ಕೆ ಅದು ಆಧಾರ. ಚಿತ್ರದ ವರ್ಗೀಕರಣ ಫೋನಿನಲ್ಲಿಯೇ ನಡೆಯುತ್ತದೆ, ಹೊರಗೆ ಹೋಗುವುದಿಲ್ಲ ಎಂದು ಗೂಗಲ್ ಹೇಳಿದೆ. ಆದರೆ ಕೇಳದೆ ಬಂದದ್ದರಿಂದ 2025ರ ಆರಂಭದಲ್ಲಿ ಜನ ಗಾಬರಿಗೊಂಡರು, ಮತ್ತು ಆ ಅಸಮಾಧಾನಕ್ಕೆ ಕಾರಣವಿದೆ ಎಂದೇ ನನ್ನ ಅಭಿಪ್ರಾಯ. ಬೇಡವಾದವರು ಅದನ್ನು ತೆಗೆದುಹಾಕಬಹುದು, ಫೋನ್ ಎಂದಿನಂತೆ ನಡೆಯುತ್ತದೆ. ಇದನ್ನೂ ಒಳಾಂಗವೆಂದರೆ, ‘ಮುಟ್ಟಬೇಡಿ’ ಎಂಬ ಸೂಚನೆಯನ್ನು ಕೊಡಬಾರದ ಕಡೆ ಕೊಟ್ಟಂತಾಗುತ್ತದೆ. ಪ್ರಶ್ನಿಸಬೇಕಾದದ್ದನ್ನು ಸಹಜವೆಂದು ನಂಬಿಸುವ ಪದವೂ ‘ಗುಪ್ತ’ದಷ್ಟೇ ದಾರಿತಪ್ಪಿಸುತ್ತದೆ. ಇಂಥವುಗಳಿಗೆ ‘ಒಳಸೇರ್ಪಡೆ’ ಎಂಬ ಬೇರೆ ಹೆಸರು ಕೊಟ್ಟು ಎರಡು ಬಗೆಯಾಗಿ ಒಡೆಯುವುದೇ, ಅಥವಾ ಎರಡಕ್ಕೂ ಸಲ್ಲುವ ‘ಒಳಗಿನ ಆ್ಯಪ್’ ಎಂಬ ಸಾದಾ ಮಾತಿಗೆ ಇಳಿಯುವುದೇ ಎಂಬುದು ತೀರ್ಮಾನವಾಗುತ್ತಿಲ್ಲ.

ಹೆಸರಿನ ಬೆನ್ನಿಗೇ ಕ್ರಿಯಾಪದಗಳ ತೊಡಕು ಬರುತ್ತದೆ. ಮೇಷ್ಟ್ರ ಫೋನಿನಲ್ಲಿ ವೆಬ್‌ವ್ಯೂವನ್ನು ಮತ್ತೆ ಚಾಲೂ ಮಾಡಲು ಒಂದೇ ಒಂದು ಗುಂಡಿ ಸಾಕಾಯಿತು. ಅವರಿಗೆ ಆಶ್ಚರ್ಯ. ನಿಷ್ಕ್ರಿಯವೆಂದರೆ ಬಾಂಬ್ ನಿಷ್ಕ್ರಿಯ ದಳದವರು ಮಾಡುವಂಥದ್ದು, ಒಮ್ಮೆ ಆದರೆ ಆಗಿಹೋಯಿತು ಎಂದು ಅವರು ತಿಳಿದಿದ್ದರು. ‘ನಿಲ್ಲಿಸಿಡಿ’ ಎಂದಿದ್ದರೆ, ಆ ‘ಇಡು’ ಎಂಬ ಸಹಾಯಕ ಕ್ರಿಯಾಪದವೇ ಬೇಕಾದಾಗ ಮತ್ತೆ ತೆಗೆದುಕೊಳ್ಳಬಹುದು ಎಂಬುದನ್ನು ಹೇಳುತ್ತಿತ್ತು. ಎತ್ತಿಡು, ಕಟ್ಟಿಡು, ಮಡಿಸಿಡು ಎಂಬಲ್ಲೆಲ್ಲ ಈ ಭಾವವಿದೆ. ‘ಬಿಡು’ ಸೇರಿದರೆ ಕೆಲಸ ಮುಗಿದೇಹೋಯಿತು. ಹಿಂದಿರುಗಿಸಬಹುದಾದದ್ದು, ಹಿಂದಿರುಗಿಸಲಾಗದ್ದು ಎಂಬ ಭೇದವನ್ನು ಇಷ್ಟು ಸುಲಭವಾಗಿ ತೋರಿಸುವ ಸಾಧನ ಕನ್ನಡದಲ್ಲಿರುವಾಗ ನಾವು ಅದನ್ನು ಬಳಸಿಕೊಳ್ಳುತ್ತಿಲ್ಲ. ‘ಅಪ್‌ಡೇಟ್‌ಗಳನ್ನು ಅನ್‌ಇನ್‌ಸ್ಟಾಲ್ ಮಾಡಿ’ ಎಂಬುದೂ ಹಾಗೆಯೇ: ಅದನ್ನು ಒತ್ತಿದರೆ ಸಿಸ್ಟಂ ಆ್ಯಪ್ ಮಾಯವಾಗುವುದಿಲ್ಲ, ಫೋನ್ ಕೊಂಡಾಗ ಇದ್ದ ಮೂಲಪ್ರತಿಗೆ ಮರಳುತ್ತದೆ. 2021ರ ಆ ದಿನ ಅನೇಕರು ವೆಬ್‌ವ್ಯೂ ಮೇಲೆ ಪ್ರಯೋಗಿಸಿದ ತಾತ್ಕಾಲಿಕ ಉಪಾಯವೂ ಇದೇ. ಇದನ್ನು ‘ಹಳೆಯ ಆವೃತ್ತಿಗೆ ಮರಳಿಸಿ’ ಎಂದು ಬರೆದಿದ್ದೇನೆ.

ಎಲ್ಲಕ್ಕಿಂತ ಅಪಾಯದ ಜೋಡಿ ‘ಸಂಗ್ರಹ’ ಮತ್ತು ‘ಸಂಗ್ರಹಣೆ’. ನನ್ನ ಫೋನಿನ ಒಂದೇ ಪುಟದಲ್ಲಿ ಕ್ಯಾಶ್‌ಗೆ ಒಂದು, ಸ್ಟೋರೇಜ್‌ಗೆ ಇನ್ನೊಂದು ಪಕ್ಕಪಕ್ಕದಲ್ಲಿವೆ. ಮೊದಲನೆಯದನ್ನು ತೆರವುಗೊಳಿಸಿದರೆ, ಬೇಕಾದಾಗ ಆ್ಯಪ್ ಮತ್ತೆ ತಾನೇ ಕೂಡಿಸಿಕೊಳ್ಳುವ ಮಾಹಿತಿ ಮಾತ್ರ ಹೋಗುತ್ತದೆ. ಎರಡನೆಯದನ್ನು ತೆರವುಗೊಳಿಸಿದರೆ ಆ್ಯಪ್ ಆಗತಾನೇ ಹಾಕಿಕೊಂಡಂತಾಗಿ, ಫೋನಿನಲ್ಲಿ ಮಾತ್ರ ಇದ್ದ ಬರಹ, ಲೆಕ್ಕಗಳೆಲ್ಲ ಅಳಿದುಹೋಗುತ್ತವೆ. ನಮ್ಮ ತರಗತಿಯ ಅಮ್ಮ ಒಬ್ಬರು ಆರು ತಿಂಗಳ ಹಾಲಿನ ಲೆಕ್ಕವನ್ನು ಹೀಗೆ ಕಳೆದುಕೊಂಡರು. ಒಂದು ‘ಣೆ’ಯ ಅಂತರ ಅವರ ಕಣ್ಣಿಗೆ ಬೀಳಲಿಲ್ಲ. ‘ಕ್ಯಾಶ್’ ಎಂದೇ ಬಿಡೋಣವೆಂದರೆ, ಫೋನಿನಲ್ಲೇ ಹಣ ಕಳಿಸುವ ಈ ಕಾಲದಲ್ಲಿ ‘ಕ್ಯಾಶ್ ತೆರವುಗೊಳಿಸಿ’ ಎಂಬುದನ್ನು ಓದಿದವರು ನಗದು ಹೋದೀತೆಂದು ಹೆದರುತ್ತಾರೆ. ಸದ್ಯಕ್ಕೆ ನಾನು ಮೊದಲನೆಯದಕ್ಕೆ ‘ತಾತ್ಕಾಲಿಕ ದಾಸ್ತಾನು’, ಎರಡನೆಯದಕ್ಕೆ ‘ಆ್ಯಪ್‌ನ ಎಲ್ಲ ಮಾಹಿತಿ’ ಎಂದು ಬರೆದು, ಪರದೆಯ ಮೇಲಿನ ಪದವನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟಿದ್ದೇನೆ. ಅಡುಗೆಮನೆಯ ಒಲೆಯ ಪಕ್ಕದ ಡಬ್ಬಿಗೂ ಅಟ್ಟದ ಮೇಲಿನ ಕಣಜಕ್ಕೂ ಇರುವ ವ್ಯತ್ಯಾಸವನ್ನು ಒಂದೊಂದೇ ಪದದಲ್ಲಿ ಹಿಡಿಯಲು ಯಾರಿಗಾದರೂ ಸಾಧ್ಯವಾದರೆ ನನ್ನ ಐದು ಪದಗಳನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ.

ಹೀಗಾಗಿ ತಿಳಿದವರಲ್ಲಿ ನನ್ನ ಕೋರಿಕೆ ಇಷ್ಟು. ‘ಒಳಾಂಗ’ ಎಂಬ ಪದವನ್ನು ಯಂತ್ರದ ಅಥವಾ ತಂತ್ರಾಂಶದ ಭಾಗಕ್ಕೆ ಬಳಸಿದ್ದನ್ನು ಯಾರಾದರೂ ಕಂಡಿದ್ದೀರಾ? ವೈದ್ಯಕೀಯ ಬರವಣಿಗೆಯಲ್ಲಿ ಅದಕ್ಕೆ ಖಚಿತವಾದ ಬೇರೆ ಅರ್ಥ ನಿಂತಿದ್ದರೆ, ನಾನು ಅದನ್ನು ಎತ್ತಿಕೊಳ್ಳುವುದು ತಪ್ಪಾಗುತ್ತದೆಯೇ? ಸೇಫ್ಟಿಕೋರ್‌ನಂತಹವಕ್ಕೆ ಬೇರೆ ಹೆಸರು ಬೇಕೇ? ಬೀದರ್, ಕಲಬುರಗಿ, ಧಾರವಾಡದ ಕಡೆಯವರು ಇಂಥ ಕಾಣಿಸದ, ಆದರೆ ಇಲ್ಲದಿದ್ದರೆ ನಡೆಯದ ವಸ್ತುವಿಗೆ ಮನೆಯಲ್ಲಿ, ಹೊಲದಲ್ಲಿ, ಗಿರಣಿಯಲ್ಲಿ ಏನೆನ್ನುತ್ತಾರೆ ಎಂಬುದನ್ನು ತಿಳಿಯುವ ಆಸೆ ನನಗೆ ಎಲ್ಲಕ್ಕಿಂತ ಹೆಚ್ಚಾಗಿದೆ. ಪುಸ್ತಿಕೆ ಅಚ್ಚಿಗೆ ಹೋಗಲು ಇನ್ನೂ ಮೂರು ವಾರಗಳಿವೆ. ಅಷ್ಟರೊಳಗೆ ಬಂದ ಪ್ರತಿಯೊಂದು ಸಲಹೆಯನ್ನೂ ಭಾನುವಾರದ ತರಗತಿಯಲ್ಲಿ ಓದಿ ತೋರಿಸಿ, ಮೇಷ್ಟ್ರು ಬೆರಳಿಟ್ಟು ಏನು ಕೇಳಿದರೆಂಬುದನ್ನು ಇಲ್ಲಿಗೆ ಬರೆದು ತಿಳಿಸುತ್ತೇನೆ.